ಮರಿಗಳಿಗೆ ನೀರಿನ ಪರಿಚಯ

ತಾನು ಕಟ್ಟಿದ ಪುಸ್ತಕಗಳಲ್ಲಿ ಒಂದನ್ನೂ ಬೈಂಡರ್ ಓದಿದವನಲ್ಲ. ಆ ಮಾತನ್ನು ಪ್ರೆಸ್ಸಿನ ಯಜಮಾನಿಯ ಮುಂದೆ ನೆಟ್ಟಗೆ ಒಪ್ಪಿಕೊಂಡಿದ್ದರೆ ಅವನ ಭಾನುವಾರ ಎಲ್ಲರ ಭಾನುವಾರದ ಹಾಗೆಯೇ ಕಳೆದುಹೋಗುತ್ತಿತ್ತು.

ಇಪ್ಪತ್ತು ವರ್ಷದಿಂದ ಅವನು ಒಂದೇ ಪ್ರೆಸ್ಸಿನಲ್ಲಿ ಹಾಳೆ ಜೋಡಿಸಿ, ಹೊಲಿದು, ಅಂಟು ಸವರಿ, ರಟ್ಟು ಹಾಕುತ್ತ ಬಂದಿದ್ದ. ಅವನ ಕಣ್ಣಿಗೆ ಬೇಕಾದದ್ದು ಹಾಳೆಯ ಮೂಲೆಯ ಪುಟಸಂಖ್ಯೆ ಮಾತ್ರ. ಹತ್ತಾದ ಮೇಲೆ ಹನ್ನೊಂದು ಬಂತೇ, ಮುಗಿಯಿತು. ಮೇಲೆ ಬರೆದದ್ದು ಬರೆದವರ ತಲೆನೋವು. ಆದರೆ ಆ ವರ್ಷ ಅವನ ಗ್ರಹಚಾರ ನೆಟ್ಟಗಿರಲಿಲ್ಲ. ಶಾಲೆಯೊಂದರ ಹಾಜರಿ ಪುಸ್ತಕ ತಲೆಕೆಳಗಾಗಿ ರಟ್ಟು ಹೊದ್ದುಕೊಂಡು ಹೋಯಿತು. ಒಂದು ಕ್ಯಾಲೆಂಡರಿನಲ್ಲಿ ಏಪ್ರಿಲ್ ಮುಗಿದ ಮೇಲೆ ಮಾರ್ಚ್ ಬಂತು. ಕ್ಯಾಲೆಂಡರಿಗೆ ಪುಟಸಂಖ್ಯೆಯೇ ಇರಲಿಲ್ಲ, ನಾನೇನು ಮಾಡಲಿ ಎಂದು ಅವನು ವಾದಿಸಿದ. ಯಜಮಾನಿ ವಾದಕ್ಕಿಳಿಯಲಿಲ್ಲ. "ಇನ್ನೊಂದು ತಪ್ಪಾದ್ರೆ ನಾನು ಬೇರೆ ಬೈಂಡರ್‌ನ ನೋಡ್ಕೋಬೇಕಾಗುತ್ತೆ" ಎಂದಷ್ಟೇ ಹೇಳಿದಳು.

ಆ ಯಜಮಾನಿಯೇ ಭಾನುವಾರ ಬೆಳಿಗ್ಗೆ ಏಳಕ್ಕೆ ಅವನ ಮನೆ ಮುಂದೆ ವ್ಯಾನು ನಿಲ್ಲಿಸಿದಳು. ಒಂದು ಕೈಯಲ್ಲಿ ಐದು ನಾಯಿಮರಿಗಳ ಬುಟ್ಟಿ, ಇನ್ನೊಂದು ಕೈಯಲ್ಲಿ ತಾಯಿನಾಯಿಯ ಹಗ್ಗ.

"ಒಂದು ಉದ್ಘಾಟನೆಗೆ ಹೋಗ್ಬೇಕಪ್ಪ, ಸಂಜೆ ಬಂದು ಕರ್ಕೊಂಡು ಹೋಗ್ತೀನಿ. ಮರಿಗಳಿಗೆ ನಾಲ್ಕು ವಾರ ತುಂಬ್ತು. ಇವತ್ತಿಂದ ನೀರು, ಮೆತ್ತಗಿನ ಊಟ ಶುರು ಮಾಡ್ಬೇಕಂತೆ. ನಾಯಿ ಡಾಕ್ಟ್ರು ಬರೆದ ಪುಸ್ತಕಾನ ಮೊನ್ನೆ ನೀನೇ ಕಟ್ಟಿದ್ದಲ್ವಾ? ಓದಿದೀಯ ತಾನೇ?"

"ಬಾಯಿಪಾಠ ಆಗಿದೆ ಮೇಡಂ" ಎಂದುಬಿಟ್ಟ ಬೈಂಡರ್. ಇಪ್ಪತ್ತು ವರ್ಷದ ಅಭ್ಯಾಸ. ಯಜಮಾನಿ ಏನು ಕೇಳಿದರೂ ಬಾಯಿ ಮೊದಲು ಹೌದು ಅನ್ನುತ್ತಿತ್ತು, ತಲೆ ಆಮೇಲೆ ಬಂದು ಸೇರಿಕೊಳ್ಳುತ್ತಿತ್ತು.

"ಅದಕ್ಕೇ ನಿನ್ನ ಹತ್ರ ತಂದೆ. ಇದು ಮೊದಲನೇ ಪ್ರತಿ, ಇಟ್ಕೋ. ಇದರಲ್ಲಿ ಹೇಗಿದೆಯೋ ಹಾಗೇ ಮಾಡು. ಇವು ನೆಟ್ಟಗೆ ಕಲಿತ್ರೆ ಹಳೇದೆಲ್ಲ ಮರೆತುಬಿಡ್ತೀನಿ."

ವ್ಯಾನು ಹೊರಟಿತು. ಬುಟ್ಟಿಯೊಳಗೆ ಐದು ಮೂಗು ಒಂದರ ಮೇಲೊಂದು ಏರುತ್ತಿದ್ದವು. ಬೈಂಡರ್‌ಗೆ ನಾಯಿಗಳ ವಿಷಯ ಗೊತ್ತಿದ್ದದ್ದು ಒಂದೇ, ಅವು ಕಚ್ಚುತ್ತವೆ ಎನ್ನುವುದು.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು, ಹಗಲು ಪಾಳಿಗೆ ಆಗಲೇ ಹೋಗಿದ್ದಳು. ಮನೆಯಲ್ಲಿದ್ದವಳು ಅತ್ತೆ. ಆಕೆ ಬೆತ್ತದ ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತ ಅಳಿಯನನ್ನೂ ಬುಟ್ಟಿಯನ್ನೂ ಸರದಿಯ ಮೇಲೆ ನೋಡಿದಳು.

"ಒಂದು ತಟ್ಟೆಯಲ್ಲಿ ಚೂರು ನೀರಿಡಿ ಅಳಿಯಂದ್ರೆ. ಬಾಯಾರಿದ್ರೆ ತಾವೇ ನೆಕ್ತಾವೆ."

"ಹಾಗೆಲ್ಲ ಮನಸ್ಸಿಗೆ ಬಂದಂಗೆ ಮಾಡೋ ಹಾಗಿಲ್ಲ ಅತ್ತೆ. ಪುಸ್ತಕ ಇದೆ."

ಪುಸ್ತಕ ಎಂಬ ಮಾತು ಗೋಡೆಯಾಚೆ ಕೇಳಿಸಿತೋ ಏನೋ, ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರ್ ಕನ್ನಡಕ ಒರೆಸಿಕೊಳ್ಳುತ್ತ ಬಂದೇ ಬಂದರು. ಕರೆಯದೆ ಬರುವುದು, ಬಂದರೆ ಹೋಗದಿರುವುದು ಅವರ ಎರಡು ಗುಣಗಳು. ಮೂವತ್ತಾರು ವರ್ಷ ಕಾಗದದ ನಡುವೆಯೇ ಬದುಕಿದ ಅವರಿಗೆ ಅಚ್ಚಾದ ಅಕ್ಷರವೆಂದರೆ ಎದ್ದು ನಿಂತು ಕೈಮುಗಿಯುವಷ್ಟು ಭಕ್ತಿ.

"ಕೊಡ್ರಿ ಇಲ್ಲಿ, ನಾನು ಓದ್ತೀನಿ, ನೀವು ಮಾಡಿ. ಒಬ್ರೇ ಎರಡೂ ಮಾಡಿದ್ರೆ ತಪ್ಪಾಗುತ್ತೆ" ಎಂದು ಹಿತ್ತಿಲಿಗೆ ಕುರ್ಚಿ ಎಳೆದುಕೊಂಡರು. ಹತ್ತನೆಯ ಪುಟದ ಕೊನೆಯ ಸಾಲು ಓದಿದರು. "'ನಾಲ್ಕನೆಯ ವಾರದಿಂದ ನೀರಿನ ಪರಿಚಯ ಮಾಡಿಸಬೇಕು. ಹೆದರಿಸದೆ, ಅವಸರಪಡದೆ, ಹೀಗೆ ಆರಂಭಿಸಿ.'" ಹಾಳೆ ತಿರುವಿದರು. ಹನ್ನೊಂದನೆಯ ಪುಟ. "'ಮೊದಲು ನೀವು ನೀರಿಗಿಳಿಯಿರಿ.'"

"ನಾನಾ?" ಎಂದ ಬೈಂಡರ್.

"ಹಾಗೇ ಇದೆ. 'ತಲೆಗೆ ರಬ್ಬರ್ ಟೋಪಿ ಇರಲಿ. ನಗುನಗುತ್ತ ಕೈಚಾಚಿ ಪುಟಾಣಿಗಳನ್ನು ಒಬ್ಬೊಬ್ಬರನ್ನಾಗಿ ಕರೆಯಿರಿ.' ನೋಡಿದ್ರಾ, ಡಾಕ್ಟ್ರು ನಾಯಿಗೂ ಎಷ್ಟು ಮರ್ಯಾದೆ ಕೊಟ್ಟು ಬರ್ದಿದಾರೆ!"

ಹಿತ್ತಿಲ ಬಾಗಿಲಲ್ಲಿ ಹೆಣಿಗೆಯ ಕಡ್ಡಿಗಳು ನಿಂತವು. "ನಾಯಿ ನೀರು ಕುಡಿಯೋಕೆ ಇವರ್ಯಾಕೆ ಇಳೀಬೇಕು?" ಎಂದಳು ಅತ್ತೆ.

"ಅಚ್ಚಾಗಿದೆಯಲ್ಲಮ್ಮ" ಎಂದರು ಪೋಸ್ಟ್‌ಮಾಸ್ಟರ್.

ಬೈಂಡರ್‌ಗೂ ಒಳಗೊಳಗೆ ಅನುಮಾನವಿತ್ತು. ಆದರೆ ಬಾಯಿಪಾಠವಾಗಿದೆ ಎಂದು ಹೇಳಿದವನು ಈಗ ಪುಸ್ತಕವನ್ನು ಪ್ರಶ್ನಿಸುವುದು ಹೇಗೆ? ಸಂಜೆ ಯಜಮಾನಿ ಬಂದು ಪುಸ್ತಕದಲ್ಲಿದ್ದ ಹಾಗೆ ಮಾಡಿದೆಯಾ ಎಂದು ಕೇಳಿದರೆ ಕೆಲಸ ಉಳಿಯಬೇಕಲ್ಲ. ಬಟ್ಟೆ ಒಗೆಯುವ ದೊಡ್ಡ ಟಬ್ಬಿಗೆ ಬೆಚ್ಚನೆ ನೀರು ತುಂಬಿ, ಹೆಂಡತಿ ಸ್ನಾನಕ್ಕೆ ಹಾಕಿಕೊಳ್ಳುವ ಹೂವಿನ ಚಿತ್ರದ ಟೋಪಿ ತಲೆಗೇರಿಸಿ, ಚಡ್ಡಿಯಲ್ಲಿ ಇಳಿದು ಕೂತ. ತಾಯಿನಾಯಿಯನ್ನು ಹಿತ್ತಿಲ ಗೇಟಿಗೆ ಕಟ್ಟಿದ್ದ. ಅದು ಕತ್ತು ಓರೆ ಮಾಡಿ ಅವನನ್ನೇ ನೋಡುತ್ತಿತ್ತು.

"'ಮುಖವನ್ನು ನೀರಲ್ಲಿ ಮುಳುಗಿಸಿ ಬಾಯಿಂದ ಗುಳ್ಳೆ ಬಿಟ್ಟು ತೋರಿಸಿ. ನಿಮ್ಮನ್ನು ನೋಡಿ ಅವರೂ ಕಲಿಯುತ್ತಾರೆ.'"

ಬೈಂಡರ್ ಮುಖ ಮುಳುಗಿಸಿ ಗುಳ್ಳೆ ಬಿಟ್ಟ. ಮರಿಗಳು ಬುಟ್ಟಿಯಲ್ಲಿ ಆಕಳಿಸಿದವು.

"ಇನ್ನೂ ಜೋರಾಗಿ" ಎಂದರು ಪೋಸ್ಟ್‌ಮಾಸ್ಟರ್.

"ಹಾಗಂತ ಬರ್ದಿದೆಯಾ?"

"ಇಲ್ಲ, ನಾನೇ ಹೇಳ್ತಿದೀನಿ."

ಆ ಹೊತ್ತಿಗೆ ಅಕ್ಕಪಕ್ಕದ ಮಹಡಿಗಳಲ್ಲಿ ಬಟ್ಟೆ ಒಣಗಿಸುವ ನೆಪದಲ್ಲಿ ಮೂರು ಮನೆಯ ಹೆಂಗಸರು ನಿಂತಿದ್ದರು. ಭಾನುವಾರ ಅಷ್ಟು ಬೆಳಿಗ್ಗೆ ಅಷ್ಟೊಂದು ಬಟ್ಟೆ ಒಣಗಿದ್ದು ಆ ಬೀದಿಯ ಚರಿತ್ರೆಯಲ್ಲೇ ಮೊದಲು. ಒಬ್ಬಾಕೆ ಮೇಲಿನಿಂದಲೇ ಕೇಳಿದಳು, "ಅಜ್ಜಿ, ಅಳಿಯಂದ್ರಿಗೆ ಹುಷಾರಿಲ್ವಾ?"

"ಹುಷಾರಾಗೇ ಇದಾರಮ್ಮ. ಓದ್ತಿದಾರೆ" ಎಂದಳು ಅತ್ತೆ.

ಬೈಂಡರ್‌ನ ಕಿವಿ ಟೋಪಿಯೊಳಗೇ ಬಿಸಿಯಾಯಿತು. ನಾಚಿಕೆಯಿಂದ ಆದಷ್ಟು ಬೇಗ ಮುಗಿಸೋಣವೆಂದು ಕಪ್ಪು ಮರಿಯೊಂದನ್ನು ಎತ್ತಿ, ಪುಸ್ತಕ ಹೇಳಿದಂತೆ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ನೀರಿಗೆ ತಾಗಿಸಿದ. ಮರಿ ಕಂಯ್ ಎಂದಿತು. ಅಷ್ಟೇ ಸಾಕಾಯಿತು. ತಾಯಿನಾಯಿ ಹಗ್ಗ ಕಿತ್ತುಕೊಂಡು ಹಾರಿ ಬಂದು ನೇರವಾಗಿ ಟಬ್ಬಿನೊಳಗೆ ಬಿತ್ತು. ನೀರು ಅರ್ಧ ಹೊರಗೆ, ಬೈಂಡರ್‌ನ ಕಾಲು ಮೇಲೆ, ತಲೆ ಕೆಳಗೆ. ನಾಯಿ ಮರಿಯ ಕತ್ತಿನ ಚರ್ಮ ಬಾಯಲ್ಲಿ ಕಚ್ಚಿಕೊಂಡು ಹೋಗಿ ಪೋಸ್ಟ್‌ಮಾಸ್ಟರ ಕುರ್ಚಿಯ ಕೆಳಗಿಟ್ಟಿತು. ಆಮೇಲೆ ಬುಟ್ಟಿಯಲ್ಲಿದ್ದ ನಾಲ್ಕನ್ನೂ ಒಂದೊಂದಾಗಿ ಸಾಗಿಸಿತು. ಕೊನೆಗೆ ಬೈಂಡರ್‌ನ ಕಡೆ ತಿರುಗಿ ಹಲ್ಲು ತೋರಿಸಿತು. ಅವನು ಟಬ್ಬಿನಲ್ಲೇ ಕುಕ್ಕರಿಸಿ ಕೂತ.

ಮಹಡಿಯ ಮೇಲಿಂದ ಚಪ್ಪಾಳೆ ಕೇಳಿಸಿತು. ಭೂಮಿ ಬಾಯ್ಬಿಡಬಾರದೇ ಎಂದು ಜನ ಅನ್ನುತ್ತಾರಲ್ಲ, ಬೈಂಡರ್‌ಗೆ ಟಬ್ಬಿನ ತಳ ಬಾಯ್ಬಿಟ್ಟಿದ್ದರೂ ಸಾಕಿತ್ತು.

ಪೋಸ್ಟ್‌ಮಾಸ್ಟರ್ ಮಾತ್ರ ಕಾಲು ಮೇಲಕ್ಕೆತ್ತಿಕೊಂಡು ಕರ್ತವ್ಯ ಮುಂದುವರಿಸಿದರು. "'ಕೊನೆಯಲ್ಲಿ, ಪುಟಾಣಿಗಳಿಗೆ ತಮ್ಮ ಒದ್ದೆ ಚಡ್ಡಿಯನ್ನು ತಾವೇ ಹಿಂಡಿಕೊಳ್ಳುವ ಅಭ್ಯಾಸ ಮಾಡಿಸಿ.'"



"ನಾಯಿಮರಿಗೆ ಚಡ್ಡಿ ಎಲ್ಲಿಂದ ತರ್ತೀರಿ ಅಳಿಯಂದ್ರೆ?" ಎಂದಳು ಅತ್ತೆ, ಬಹಳ ಶಾಂತವಾಗಿ.

ಬೈಂಡರ್ ಒದ್ದೆ ಕೈಯಲ್ಲೇ ಪುಸ್ತಕ ಕಸಿದುಕೊಂಡ. ಬದುಕಿನಲ್ಲಿ ಮೊದಲ ಸಲ ಪುಟಸಂಖ್ಯೆ ಬಿಟ್ಟು ಪುಟವನ್ನು ನೋಡಿದ. ಅದೇ ಅಳತೆ, ಅದೇ ಕಾಗದ, ಅದೇ ಅಕ್ಷರ. ಮೂಲೆಯಲ್ಲಿ ಹನ್ನೊಂದು, ಹಿಂದೆ ಹನ್ನೆರಡು. ಆದರೆ ಹಾಳೆ ಈ ಪುಸ್ತಕದ್ದಲ್ಲ. ಗುರುವಾರ ಅವನ ಮೇಜಿನ ಮೇಲೆ ಇನ್ನೊಂದು ಪುಸ್ತಕದ ಹಾಳೆಗಳೂ ಇದ್ದವು, ಪುಟ್ಟ ಮಕ್ಕಳಿಗೆ ಈಜು ಕಲಿಸುವ ಕೈಪಿಡಿ. ಅದರ ಹನ್ನೊಂದು ಇಲ್ಲಿಗೆ ಬಂದು ಕೂತಿತ್ತು. ಸಂಖ್ಯೆ ಸರಿಯಾಗಿದ್ದರಿಂದ ಅವನ ಕೈಗೆ ಗೊತ್ತೇ ಆಗಿರಲಿಲ್ಲ.

ಇನ್ನೊಂದು ತಪ್ಪು! ಸಾವಿರ ಪ್ರತಿ ಕಟ್ಟಿದ್ದ. ಸಾವಿರ ಮನೆಯಲ್ಲಿ ಸಾವಿರ ಜನ ಟೋಪಿ ಹಾಕಿಕೊಂಡು ಟಬ್ಬಿನಲ್ಲಿ ಕೂತರೆ?

"ಏನ್ರೀ ಸಮಾಚಾರ?" ಎಂದರು ಪೋಸ್ಟ್‌ಮಾಸ್ಟರ್.

"ಏನಿಲ್ಲ. ಇವತ್ತಿಗೆ ಇಷ್ಟು ಪಾಠ ಸಾಕು" ಎಂದು ಅವನು ತಲೆಯ ಟೋಪಿಯನ್ನೂ ತೆಗೆಯದೆ ಪ್ಯಾಂಟು ಏರಿಸಿ, ಸೈಕಲ್ ಹತ್ತಿದ. ಟೋಪಿ ನೆನಪಾದದ್ದು ಮುಖ್ಯ ರಸ್ತೆಯ ಸಿಗ್ನಲ್ಲಿನಲ್ಲಿ, ಪಕ್ಕದ ಬಸ್ಸಿನವರೆಲ್ಲ ಒಂದೇ ಕಿಟಕಿಗೆ ಬಂದು ನೋಡಿದಾಗ.

ಪ್ರೆಸ್ಸಿನ ಬೀಗ ತೆಗೆದು ಕಟ್ಟುಗಳನ್ನು ಬಿಚ್ಚಿದ. ಮೊದಲು ಕೈಗೆ ಬಂದ ಪ್ರತಿ ಸರಿ. ಎರಡನೆಯದು ಸರಿ. ನೂರು, ಇನ್ನೂರು, ಬೆರಳಿನ ತುದಿ ಕಪ್ಪಾಗುವವರೆಗೆ ಹನ್ನೊಂದನೆಯ ಪುಟವನ್ನೇ ತೆಗೆದು ನೋಡಿದ. ನಾಯಿಯ ಪುಸ್ತಕದಲ್ಲೆಲ್ಲ ನಾಯಿಯೇ ಇತ್ತು, ಈಜಿನ ಪುಸ್ತಕದಲ್ಲೆಲ್ಲ ಈಜೇ ಇತ್ತು. ತಪ್ಪಿದ್ದದ್ದು ಒಂದೇ ಒಂದು ಪ್ರತಿಯಲ್ಲಿ, ಅದೂ ಅವನ ಚೀಲದಲ್ಲೇ ಇತ್ತು! ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒಂದು ಸರಿಯಾದ ಪ್ರತಿ ತೆಗೆದುಕೊಂಡು ಮನೆಗೆ ಬಂದವನೇ ಅಡುಗೆಮನೆಗೆ ನುಗ್ಗಿ, ತಪ್ಪು ಪ್ರತಿಯನ್ನು ಹಾಳೆ ಹಾಳೆ ಹರಿದು ಒಲೆಯ ಉರಿಗೆ ಹಿಡಿದ.

"ಏನು ಸುಡ್ತಿದೀರಿ?" ಅತ್ತೆ ಬಾಗಿಲಲ್ಲಿ ನಿಂತಿದ್ದಳು.

"ಹಳೇ ಕಾಗದ."

ಅತ್ತೆ ಅವನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಏನಾದರೂ ಅಂದಿದ್ದರೆ ಅವನಿಗೆ ಇಷ್ಟು ಅವಮಾನವಾಗುತ್ತಿರಲಿಲ್ಲ. ಐವತ್ತರ ಹತ್ತಿರದ ಗಂಡಸು ತನ್ನ ಕೈಕೆಲಸವನ್ನು ತಾನೇ ಕಳ್ಳನ ಹಾಗೆ ಸುಡುತ್ತಿದ್ದೇನಲ್ಲ ಎಂದು ಅವನಿಗೇ ಹೇಸಿಗೆಯಾಯಿತು. ಆದರೂ ಕೊನೆಯ ಚೂರಿನವರೆಗೆ ಸುಟ್ಟ.

ಆಮೇಲೆ ಸರಿಯಾದ ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು, ತಾನೇ ಓದಿ, ತಾನೇ ಮಾಡಿದ. ತಾಯಿನಾಯಿಯನ್ನು ಉಗ್ರಾಣದೊಳಗೆ ಬಿಟ್ಟು ಬಾಗಿಲು ಹಾಕಿದ. ನಡುಮನೆಯ ನೆಲಕ್ಕೆ ಹಳೆಯ ಪತ್ರಿಕೆ ಹಾಸಿದ. ಯಜಮಾನಿ ಬುಟ್ಟಿಯ ಜೊತೆ ಕೊಟ್ಟಿದ್ದ ನಾಯಿ ಆಹಾರವನ್ನು ಬಿಸಿನೀರಿನಲ್ಲಿ ನೆನೆಸಿ, ಅಂಟು ಕಲಸಿ ಪಳಗಿದ ಕೈಯಲ್ಲಿ ಗಂಟಿಲ್ಲದಂತೆ ಹಿಸುಕಿ, ಅಗಲ ತಟ್ಟೆಯಲ್ಲಿ ಹರಡಿದ. ಮರಿಗಳು ಬಂದವು. ಒಂದು ತಟ್ಟೆಯೊಳಗೆ ನಾಲ್ಕೂ ಕಾಲಿಟ್ಟು ನಿಂತು ಮುಂದೇನು ಎಂದು ಯೋಚಿಸಿತು. ಒಂದು ಮೂಗು ಅದ್ದಿ ಸೀನಿತು. ಇನ್ನೊಂದು ತಟ್ಟೆಯ ಅಂಚಿಗೆ ತಲೆಯಿಟ್ಟು ನಿದ್ದೆ ಹೋಯಿತು. ಅವನು ಬೆರಳಿಗೆ ಸವರಿ ಕಪ್ಪು ಮರಿಯ ಬಾಯಿಗೆ ಹಿಡಿದ. ಪುಟ್ಟ ನಾಲಿಗೆ ಒಮ್ಮೆ ಹೊರಬಂದು ಬೆರಳು ನೆಕ್ಕಿತು, ಮತ್ತೊಮ್ಮೆ ನೆಕ್ಕಿತು, ಆಮೇಲೆ ಬೆರಳಿನ ಹಿಂದೆಯೇ ತಟ್ಟೆಗೆ ಇಳಿಯಿತು. ಬೆಳಿಗ್ಗೆ ತನ್ನನ್ನು ನೀರಿಗೆ ಅದ್ದಿದ ಕೈ ಇದೇ ಎನ್ನುವುದು ಅದಕ್ಕೆ ನೆನಪಿರಲಿಲ್ಲ. ಅವನಿಗೆ ನೆನಪಿತ್ತು. ಪುಟ್ಟ ಬಟ್ಟಲಲ್ಲಿ ನೀರಿಟ್ಟಾಗ ಮರಿ ತಾನೇ ಹೋಗಿ ಲಪಲಪ ನೆಕ್ಕಿತು. ಬೈಂಡರ್‌ನ ಕಣ್ಣು ಒದ್ದೆಯಾಯಿತು.

"ನಾನು ಹೇಳಿದ್ದು ಇದನ್ನೇ" ಎಂದಳು ಅತ್ತೆ, ಹೆಣೆಯುತ್ತ.

ಸಂಜೆ ಐದಕ್ಕೆ ಮತ್ತೆ ಒಂದು ತಟ್ಟೆ ಇಟ್ಟಿದ್ದಾಗ ವ್ಯಾನಿನ ಸದ್ದಾಯಿತು. ಯಜಮಾನಿಯ ಹಿಂದೆ ಒಬ್ಬ ತರುಣಿ ಇಳಿದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ವ್ಯಾನಿನ ಸದ್ದಿಗೆ ಪೋಸ್ಟ್‌ಮಾಸ್ಟರೂ ಬಂದರು.

ಐದು ಮರಿಗಳು ಸುತ್ತ ಕೂತು ನೆಕ್ಕುವುದನ್ನು ಕಂಡು ಯಜಮಾನಿಯ ಮುಖ ಅರಳಿತು. "ಭಲೇ! ನಿನ್ನ ಮೇಲಿದ್ದ ಕೋಪ ಎಲ್ಲಾ ಹೋಯ್ತು ಕಣಪ್ಪ. ಇವತ್ತು ನಿನ್ನ ವಿಷಯ ಅಲ್ಲೂ ಹೇಳಿದೆ. ಕೂತ್ಕೋಮ್ಮ" ಎಂದು ತರುಣಿಯನ್ನು ಕೂರಿಸಿ ಶುರು ಮಾಡಿದಳು. "ಇವತ್ತು ಉದ್ಘಾಟನೆ ಆಗಿದ್ದು ಮಕ್ಕಳ ಈಜು ಶಾಲೆ. ಈಕೆ ಅಲ್ಲಿನ ಟೀಚರ್. ವೇದಿಕೆ ಮೇಲೆ ನಾನೇ ಈಜು ಪುಸ್ತಕದ ಮೊದಲನೇ ಪ್ರತಿ ಈಕೆ ಕೈಗೆ ಕೊಟ್ಟೆ. ಇದರಲ್ಲಿರೋ ಹಾಗೇ ಕಲಿಸಮ್ಮ ಅಂದೆ. ಇವಳು ಏನು ಮಾಡಿದ್ಲು ಗೊತ್ತಾ? ಇಪ್ಪತ್ತೆರಡು ಮಕ್ಕಳ ತಾಯಂದಿರನ್ನ ಒಂದು ಕೋಣೆಗೆ ಕೂಡಿ ಚಿಲಕ ಹಾಕಿದ್ಲು. ಅತಿಥಿಗಳಿಗೆ ಅಂತ ತರಿಸಿದ್ದ ಕೇಕು, ಬಿಸ್ಕತ್ತು ಎಲ್ಲಾ ಬಿಸಿನೀರಲ್ಲಿ ಹಿಸುಕಿ ತಟ್ಟೆಗೆ ಸುರಿದು, ಕೊಳದ ಪಕ್ಕ ಮಕ್ಕಳ ಮುಂದಿಟ್ಟು, ನೆಕ್ಕಿ ಅಂದ್ಲು!"

ಬೈಂಡರ್‌ನ ಕೈಯಲ್ಲಿದ್ದ ಒದ್ದೆ ಬಟ್ಟೆ ಕೆಳಗೆ ಬಿತ್ತು. ಒಂದು ಹಾಳೆ ಇಲ್ಲಿಗೆ ಬಂದಿದ್ದರೆ ಇಲ್ಲಿಯದು ಇನ್ನೆಲ್ಲಿಗೋ ಹೋಗಿರಲೇಬೇಕು ಎಂಬ ಸರಳ ಲೆಕ್ಕ ಅವನ ತಲೆಗೆ ಹೊಳೆದದ್ದು ಆಗಲೇ. ಗುರುವಾರ ಎರಡೂ ಪುಸ್ತಕದ ಮೊದಲ ಪ್ರತಿಗಳನ್ನು ಒಂದೇ ಏಟಿಗೆ ಕಟ್ಟಿಕೊಡು ಎಂದು ಯಜಮಾನಿ ತಲೆಯ ಮೇಲೆ ನಿಂತಿದ್ದಳು.

"ಮಕ್ಕಳು ಮೈತುಂಬ ಮೆತ್ಕೊಂಡು ಅಲ್ಲೇ ಮಲಗಿಬಿಟ್ವು. ತಾಯಂದಿರು ಬಾಗಿಲು ಮುರಿದ್ರು. ಪುಸ್ತಕದಲ್ಲಿ ಹಾಗೇ ಇತ್ತು ಅಂತಾಳೆ ಇವಳು. ತೋರಿಸು ಅಂದ್ರೆ, ಗಲಾಟೆಯಲ್ಲಿ ಪುಸ್ತಕ ಕೊಳಕ್ಕೆ ಬಿದ್ದು ಮುದ್ದೆಯಾಗಿದೆ. ನಾನು ಎಲ್ಲರ ಮುಂದೆ ಎದೆ ತಟ್ಟಿ ಹೇಳ್ದೆ, ನಮ್ಮ ಬೈಂಡರ್ ಒಂದೊಂದು ಹಾಳೆ ನೋಡಿ ಕಟ್ಟೋನು, ಅಂಥದ್ದು ಇರೋಕೆ ಸಾಧ್ಯವೇ ಇಲ್ಲ ಅಂತ. ಅಲ್ಲೇ ಇವಳ ಕೆಲಸ ಹೋಯ್ತು. ಅಳ್ತಾ ನಿಂತಿದ್ಲು, ಪಾಪ ಅನ್ನಿಸ್ತು, ಮನೆಗೆ ಬಿಡ್ತೀನಿ ಬಾ ಅಂತ ಕರ್ಕೊಂಡು ಬಂದೆ."

ಹೇಳಬೇಕು ಎಂದು ಬೈಂಡರ್ ಮೂರು ಸಲ ಬಾಯಿ ತೆರೆದ. ಮೂರು ಸಲವೂ ಕೆಲಸ ಕಣ್ಮುಂದೆ ಬಂದು ಬಾಯಿ ಮುಚ್ಚಿಕೊಂಡಿತು. ತನ್ನ ತಪ್ಪಿಗೆ ಒಬ್ಬಳು ಹುಡುಗಿ ಅನ್ನ ಕಳೆದುಕೊಂಡು ಎದುರಿಗೇ ಕೂತಿದ್ದಾಳೆ, ಅವನು ತಟ್ಟೆ ಒರೆಸುತ್ತಿದ್ದಾನೆ. ಟಬ್ಬಿನಲ್ಲಿ ಕಾಲು ಮೇಲಾಗಿ ಬಿದ್ದಾಗಿನ ನಾಚಿಕೆ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

ಟೀಚರ್ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅವಳ ಕಣ್ಣು ಪತ್ರಿಕೆ ಹಾಸಿದ ನೆಲ, ಅಗಲ ತಟ್ಟೆ, ಒಳಗಿಂದ ತಾಯಿನಾಯಿ ಕೆರೆಯುತ್ತಿದ್ದ ಉಗ್ರಾಣದ ಬಾಗಿಲು, ಎಲ್ಲವನ್ನೂ ಸುತ್ತಿ ಬಂತು. ಮೆಲ್ಲಗೆ, ನಿದ್ದೆಯಲ್ಲಿ ಮಾತಾಡುವವರ ಹಾಗೆ ಹೇಳತೊಡಗಿದಳು.

"'ಮೊದಲು ತಾಯಿಯನ್ನು ಬೇರೆ ಕೋಣೆಯಲ್ಲಿಟ್ಟು ಬಾಗಿಲು ಹಾಕಿ. ನೆಲಕ್ಕೆ ಹಳೆಯ ಪತ್ರಿಕೆ ಹಾಸಿ. ಚಮಚ ಬೇಡ, ಬೆರಳಿಗೆ ಸವರಿ ಒಮ್ಮೆ ನೆಕ್ಕಿಸಿ. ಮುಖಕ್ಕೆಲ್ಲ ಮೆತ್ತಿಕೊಂಡರೂ ಗದರಬೇಡಿ...'"

ಕಪ್ಪು ಮರಿ ಮುಖಕ್ಕೆಲ್ಲ ಮೆತ್ತಿಕೊಂಡು ಅವಳನ್ನೇ ನೋಡಿತು.

"ಇದೇನ್ರೀ, ಬೆಳಿಗ್ಗೆ ನಾನು ಓದಿದ ಪುಸ್ತಕದಲ್ಲಿ ಹೀಗಿರಲಿಲ್ಲವಲ್ಲ!" ಪೋಸ್ಟ್‌ಮಾಸ್ಟರ್ ಸತ್ಯದ ಸೇವೆಗೆ ಮುಂದೆ ಬಂದರು. "ಅದರಲ್ಲಿ ಟೋಪಿ ಹಾಕಿ ನೀರಿಗಿಳಿದು ಗುಳ್ಳೆ ಬಿಡಿ ಅಂತಿತ್ತು. ಇವರು ಬಿಟ್ರು ಕೂಡ. ಚೆನ್ನಾಗಿ ಬಿಟ್ರು!"

"ಅದು ನನ್ನ ಪುಟ!" ಟೀಚರ್ ಎದ್ದು ನಿಂತಳು.

ಯಜಮಾನಿ ಬೈಂಡರ್‌ನ ಕಡೆ ತಿರುಗಿದಳು. ಅವನು ತಲೆ ಬಗ್ಗಿಸಿ ಎಲ್ಲ ಹೇಳಿದ, ಓದದೆ ಬಾಯಿಪಾಠ ಎಂದದ್ದು, ಟಬ್ಬು, ಒಲೆ, ಬೂದಿ.

ಯಜಮಾನಿ ಟೀಚರನ್ನು ಕೇಳಿದಳು. "ನಾಳೆ ನಾನೇ ಬಂದು ನಿಜ ಹೇಳ್ತೀನಿ. ವಾಪಸ್ ಕೆಲಸಕ್ಕೆ ಹೋಗ್ತೀಯಾ?"

"ಆ ತಾಯಂದಿರ ಮುಖ ಇನ್ನೊಂದ್ಸಲ ನೋಡಲಾರೆ ಮೇಡಂ."

"ಹಾಗಿದ್ರೆ ನಮ್ಮ ಪ್ರೆಸ್ಸಿಗೆ ಬಾ. ಒಂದ್ಸಲ ಓದಿದ ಪುಟಾನ ಅಕ್ಷರ ತಪ್ಪದೆ ನೆನಪಿಟ್ಟಿದೀಯಲ್ಲ, ನನಗೆ ಬೇಕಾದ ಬೈಂಡರ್ ಅಂದ್ರೆ ನೀನೇ."

ಬೈಂಡರ್ ತಲೆ ಎತ್ತಿದ. "ನಾನು, ಮೇಡಂ?"

"ನೀನೂ ನಾಳೆ ಕೆಲಸಕ್ಕೆ ಹೋಗ್ತೀಯ. ಬೆಳಗಾಗೋದ್ರೊಳಗೆ ಬೇರೆ ಟೀಚರನ್ನ ಹುಡುಕಿಕೊಡ್ತೀನಿ ಅಂತ ಈಜು ಶಾಲೆಯವರಿಗೆ ಮಾತು ಕೊಟ್ಟು ಬಂದಿದೀನಿ. ಆ ಪುಟ ಮಾಡಿ ನೋಡಿರೋನು ಊರಲ್ಲಿ ನೀನೊಬ್ಬನೇ. ಎಂಟು ಗಂಟೆಗೆ ಹೋಗು. ಮೊದಲು ಇಪ್ಪತ್ತೆರಡು ತಾಯಂದಿರಿಗೂ ನಿಂತು ತಪ್ಪು ನಂದು ಅಂತ ಹೇಳು. ಆಮೇಲೆ ನೀರಿಗಿಳಿ."

"ನನಗೆ ಈಜು ಬರಲ್ಲ ಮೇಡಂ."

ಯಜಮಾನಿ ಮರಿಗಳನ್ನು ಒಂದೊಂದಾಗಿ ಒರೆಸಿ ಬುಟ್ಟಿಗಿಳಿಸುತ್ತಿದ್ದಳು, ತಲೆ ಎತ್ತಲಿಲ್ಲ. ಕನಿಕರಪಟ್ಟವಳು ಟೀಚರ್ ಒಬ್ಬಳೇ. ಅವನ ಹತ್ತಿರ ಬಂದು, ತನ್ನ ಕೆಂಪು ಮೂಗನ್ನು ಒರೆಸಿಕೊಂಡು, ಧೈರ್ಯ ಹೇಳಿದಳು.

"ಹೆದರ್ಕೋಬೇಡಿ ಸಾರ್. ಮೊದಲನೇ ವಾರ ಸೊಂಟದ ಮಟ್ಟದ ನೀರಷ್ಟೇ. ಆಳದ ಕಡೆಗೆ ಹೋಗೋದು ಎರಡನೇ ವಾರದಿಂದ."